ಹಸಿರು ಬಳಿದ ಮಾತ್ರಕ್ಕೆ ಪಾರ್ಕ್ ಆಗುವುದಿಲ್ಲ

ನಗರ ಮಹಾಯೋಜನೆಯ ನಕ್ಷೆಯಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ವಾಸದ ಮನೆಗಳಿಗೆ ಹಳದಿ, ಅಂಗಡಿ ವಹಿವಾಟಿಗೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನ ಮತ್ತು ಬಯಲಿಗೆ ಹಸಿರು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಹೆಬ್ಬಾಳದಿಂದ ಯಲಹಂಕದವರೆಗಿನ ಹಾಳೆಗಳನ್ನು ಹರಡಿಕೊಂಡು ಕೂತರೆ, ಮೊದಲ ನೋಟಕ್ಕೆ ಹಸಿರಿಗೇನೂ ಬರವಿಲ್ಲ ಅನ್ನಿಸುತ್ತದೆ. ಸ್ವಲ್ಪ ಬಗ್ಗಿ ನೋಡಿದರೆ ಆ ಹಸಿರಿನ ಆಕಾರ ಕಣ್ಣಿಗೆ ಬೀಳುತ್ತದೆ. ರಾಜಕಾಲುವೆಯ ಅಂಚಿಗೆ ಅಂಟಿಕೊಂಡ ಉದ್ದನೆಯ ಪಟ್ಟಿ, ಹೈಟೆನ್ಷನ್ ತಂತಿಯ ಕೆಳಗೆ ಗೆರೆ ಎಳೆದಂತೆ ಸಾಗುವ ದಾರಿ, ಎರಡು ರಸ್ತೆ ಕೂಡುವಲ್ಲಿ ಉಳಿದ ಮುಕ್ಕೋನದ ತುಂಡು. ಮನೆ ಕಟ್ಟಲು ಬಾರದ ಜಾಗಕ್ಕೆಲ್ಲ ಹಸಿರು ಬಳಿದು ಅದನ್ನೇ ಉದ್ಯಾನವೆಂದು ಲೆಕ್ಕಕ್ಕೆ ಹಿಡಿದಿದ್ದಾರೆ. ಇದರ ಜೊತೆಗೆ ಅಲ್ಲಲ್ಲಿ ಖಾಸಗಿ ಹೊಲದ ಮೇಲೆ ಬಿದ್ದ ಹಸಿರು ಚೌಕಗಳೂ ಇವೆ. ಮಕ್ಕಳು ಆಡಲು, ಮುದುಕರು ಕೂರಲು ನಿಜವಾಗಿ ಒದಗಬಹುದಾದವು ಈ ಚೌಕಗಳು. ಅವುಗಳ ಗತಿ ಏನಾಯಿತೆಂದು ತಿಳಿಯಲು ನಕ್ಷೆಯನ್ನು ಬದಿಗಿಟ್ಟು ಕಾಯಿದೆಯನ್ನು ಓದಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ 69ನೇ ಕಲಮು ಹೇಳುವುದಿಷ್ಟು: ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಜಮೀನನ್ನು ಯೋಜನೆ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದ ಮೂಲಕ ಕೊಳ್ಳಬೇಕು, ಇಲ್ಲವೇ ಸ್ವಾಧೀನದ ಪ್ರಕ್ರಿಯೆ ಆರಂಭಿಸಬೇಕು. ಎರಡೂ ಆಗದಿದ್ದರೆ ಆ ಗುರುತು ತಾನಾಗಿಯೇ ರದ್ದು. 2015ನ್ನು ಗುರಿ ವರ್ಷವಾಗಿಟ್ಟುಕೊಂಡ ಈ ಮಹಾಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರ ಜೂನ್‌ನಲ್ಲಿ. 2012ರ ಹೊತ್ತಿಗೆ ಗಡುವು ಮುಗಿದಿತ್ತು. ನಕ್ಷೆಯಲ್ಲಿ ಹಸಿರು ಹಾಗೇ ಉಳಿಯಿತು, ಅದರ ಹಿಂದಿನ ಬಲ ಹೋಯಿತು.

ಉತ್ತರ ಬೆಂಗಳೂರಿನಲ್ಲಿ ಪಾರ್ಕುಗಳು ಏಕೆ ಸಾಲುತ್ತಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಒತ್ತುವರಿ, ಭ್ರಷ್ಟಾಚಾರ, ನಿರ್ವಹಣೆಯ ಕೊರತೆ. ಇವೆಲ್ಲ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲಿನ ಕಾರಣವೊಂದಿದೆ. ಪಾರ್ಕಿಗೆಂದೇ ನೆಲ ಕೊಳ್ಳುವ ಅಭ್ಯಾಸ ಈ ನಗರಕ್ಕೆ ಬಿಟ್ಟುಹೋಗಿದೆ. ಅದಕ್ಕೆಂದು ಪ್ರತ್ಯೇಕ ಹಣವನ್ನು ನಾವು ತೆಗೆದಿಡುತ್ತಿಲ್ಲ. ಬೇರೆ ಯಾವುದೋ ಕೆಲಸದ ಜೊತೆ ಪುಕ್ಕಟೆಯಾಗಿ ಬಂದರೆ ಪಾರ್ಕ್ ಉಂಟು, ಬಾರದಿದ್ದರೆ ಇಲ್ಲ.

ಹಿಂದೆ ಹೀಗಿರಲಿಲ್ಲ. ಲಾಲ್‌ಬಾಗ್ ಎಂದರೆ ಹೈದರಾಲಿ 1760ರಲ್ಲಿ ಒಮ್ಮೆಗೇ ಮಾಡಿಸಿದ ತೋಟ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿರುವ ಚಿತ್ರ. ಆದರೆ 1874ರಲ್ಲಿ ಅದರ ವಿಸ್ತೀರ್ಣ 45 ಎಕರೆ ಮಾತ್ರ. 1889ರಲ್ಲಿ ಪೂರ್ವದ ಕಡೆ 30 ಎಕರೆ ಸೇರಿತು. 1891ರಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಯೂ ಸೇರಿ 13 ಎಕರೆ, 1894ರಲ್ಲಿ ಬಂಡೆಯ ಕೆಳಗಿನ 94 ಎಕರೆ ಬಂತು. ಇಂದಿನ 240 ಎಕರೆ ಹೀಗೆ ಕಂತು ಕಂತಾಗಿ ಕೂಡಿದ್ದು. ಆಗಿನ್ನೂ ಬಸವನಗುಡಿ ಬಡಾವಣೆ ಪೂರ್ತಿ ಬೆಳೆದಿರಲಿಲ್ಲ, ಜಯನಗರದ ಕನಸೂ ಯಾರಿಗೂ ಬಿದ್ದಿರಲಿಲ್ಲ. ಊರು ಬಂದು ಮುಟ್ಟುವ ಮುನ್ನವೇ, ನೆಲ ಅಗ್ಗವಿದ್ದಾಗಲೇ ಅದನ್ನು ಸೇರಿಸಿಕೊಂಡದ್ದರಿಂದ ಇಂದು ಲಾಲ್‌ಬಾಗ್ ಇದೆ. ಅದೇ ಹೊತ್ತಿನಲ್ಲಿ ಯಲಹಂಕದ ಸುತ್ತಲ ಹಳ್ಳಿಗಳಿಗೆ ಪಾರ್ಕ್ ಎಂಬ ಮಾತೇ ಬೇಕಿರಲಿಲ್ಲ. ಊರಿಗೊಂದು ಕೆರೆ, ದನ ಮೇಯಲು ಗೋಮಾಳ, ಮಾವು ಹುಣಸೆ ಹಲಸಿನ ಗುಂಡುತೋಪು, ಜಾರಕಬಂಡೆಯಂಥ ಕಾವಲು. ಜಾತ್ರೆಗೆ ಬಂದ ಗಾಡಿಗಳು ಬೀಡುಬಿಡುತ್ತಿದ್ದದ್ದು, ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದದ್ದು ಗುಂಡುತೋಪಿನ ನೆರಳಲ್ಲಿ. ಇದೆಲ್ಲ ಊರೊಟ್ಟಿನ ಜಾಗ. ಊರು ನಗರಕ್ಕೆ ಸೇರಿದಾಗ ದಾಖಲೆಯಲ್ಲಿ ಇದು ಬರೀ ‘ಸರ್ಕಾರಿ ಜಮೀನು’ ಆಯಿತು. ಬಸ್ ನಿಲ್ದಾಣಕ್ಕೆ, ಕಚೇರಿಗೆ, ಶಾಲೆಗೆ, ನಿವೇಶನಕ್ಕೆ ಜಾಗ ಬೇಕಾದಾಗಲೆಲ್ಲ ಕೈ ಮೊದಲು ಹೋದದ್ದು ಅತ್ತಲೇ. ನೂರಾರು ವರ್ಷ ಪಾರ್ಕಿನ ಕೆಲಸ ಮಾಡಿದ ನೆಲವನ್ನು ಕಳೆದುಕೊಂಡ ಮೇಲೆ ಆ ಊರುಗಳಿಗೆ ಪಾರ್ಕ್ ಇಲ್ಲವೆಂದು ಗುರುತಿಸಲು ನಮಗೆ ಇಷ್ಟು ಕಾಲ ಹಿಡಿಯಿತು.

ನಗರದೊಳಗಿನ ಬಡಾವಣೆಗಳಿಗೆ ಪಾರ್ಕ್ ಬಂದ ದಾರಿ ಬೇರೆ. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿಐಟಿಬಿ), 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಇವು ಹಳ್ಳಿಯ ಜಮೀನನ್ನು ಒಟ್ಟಾಗಿ ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿ ಮಾಡಿ, ನಿವೇಶನ ಹಂಚುತ್ತಿದ್ದವು. ಬಿಡಿಎ ಕಾಯಿದೆಯ 16ನೇ ಕಲಮಿನಂತೆ ಬಡಾವಣೆಯ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10 ನಾಗರಿಕ ಸೌಲಭ್ಯಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎ ಸೈಟಿಗೆ ಮೀಸಲು. ಪಾರ್ಕಿನ ನೆಲದ ಬೆಲೆ ನಿವೇಶನದ ಬೆಲೆಯೊಳಗೇ ಸೇರಿಹೋಗುತ್ತಿತ್ತು. ಸೈಟು ಕೊಂಡವರು ತಮಗೆ ಗೊತ್ತಿಲ್ಲದೆಯೇ ಪಾರ್ಕಿಗೂ ಹಣ ಕೊಟ್ಟಿದ್ದರು. ಆರ್.ಟಿ. ನಗರದ, ಸದಾಶಿವನಗರದ ಪಾರ್ಕುಗಳು ಬಂದದ್ದು ಈ ಬಗೆಯಲ್ಲೇ. ಇದು ಒಳ್ಳೆಯ ಏರ್ಪಾಡು, ಅನುಮಾನವಿಲ್ಲ. ಅದನ್ನು ಕಾಪಾಡಿದ್ದರಲ್ಲೂ ಉತ್ತರ ಬೆಂಗಳೂರಿನವರ ಪಾಲು ದೊಡ್ಡದು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು 1976ರಲ್ಲಿ ಸರ್ಕಾರದ ಸೂಚನೆಯಂತೆ ಖಾಸಗಿ ಆಸ್ಪತ್ರೆಗೆ ಕೊಡಲು ನಿರ್ಧಾರವಾಯಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು, ಅಲ್ಲಿ ಗೆದ್ದರು. ಎದುರಿನವರು ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲಿಯೂ 1991ರ ಜುಲೈನಲ್ಲಿ ನಿವಾಸಿಗಳೇ ಗೆದ್ದರು. ಯೋಜನೆಯಲ್ಲಿ ಪಾರ್ಕೆಂದು ಬಿಟ್ಟದ್ದನ್ನು ಸರ್ಕಾರ ತನ್ನ ಇಷ್ಟದಂತೆ ಇನ್ನೊಬ್ಬರಿಗೆ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬ ಈ ತೀರ್ಪನ್ನು ದೇಶದ ಎಷ್ಟೋ ಊರಿನ ಜನ ತಮ್ಮ ಮೈದಾನ ಉಳಿಸಿಕೊಳ್ಳಲು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಆದರೆ ತೀರ್ಪು ಕಾಪಾಡುವುದು ಈಗಾಗಲೇ ಇರುವ ಪಾರ್ಕನ್ನು. ಇಲ್ಲದ ಪಾರ್ಕನ್ನು ಯಾವ ನ್ಯಾಯಾಲಯವೂ ಹುಟ್ಟಿಸಲಾರದು.

ಇಲ್ಲದ ಪಾರ್ಕಿನ ಕಥೆ ಶುರುವಾಗುವುದು ಬಡಾವಣೆಯ ಗಡಿಯ ಆಚೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ನಗರಕ್ಕೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ಜಮೀನಿನ ಬೆಲೆ ಏರತೊಡಗಿತು. ಹೊಲಗಳು ಗುಂಟೆ ಲೆಕ್ಕದಲ್ಲಿ, ಬಡಾವಣೆಯ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟುಗಳಾದವು. ಇಪ್ಪತ್ತು ಮೂವತ್ತಡಿ ರಸ್ತೆ, ಎರಡು ಕಡೆ 30x40 ಸೈಟು, ಬಿ ಖಾತಾ, ಮುಗಿಯಿತು. ಅಲ್ಲಿ ಶೇ 15ರ ಮಾತಿಲ್ಲ. ಅಲ್ಲಿ ಮನೆ ಕಟ್ಟಿದವರು ತಪ್ಪಿತಸ್ಥರೇನಲ್ಲ. ಬಿಡಿಎ ನಿವೇಶನಕ್ಕೆ ವರ್ಷಗಟ್ಟಲೆ ಅರ್ಜಿ ಹಾಕಿ ಕಾದು, ಸಿಗದೆ, ಕೈಲಿದ್ದ ದುಡ್ಡಿಗೆ ಸಿಕ್ಕಿದ್ದನ್ನು ಕೊಂಡವರೇ ಹೆಚ್ಚು. ಅವರ ಮಕ್ಕಳಿಗೂ ಸದಾಶಿವನಗರದ ಮಕ್ಕಳಷ್ಟೇ ಆಟದ ಜಾಗ ಬೇಕು. ಆ ಜಾಗ ಒದಗಿಸಲು ಇದ್ದದ್ದು ಮಹಾಯೋಜನೆಯ ಹಸಿರು ಚೌಕ ಒಂದೇ, ಅದನ್ನು ಕೊಳ್ಳಲು ದುಡ್ಡಿರಲಿಲ್ಲ. 2031ರ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ ಅಲ್ಲಿಗೇ ನಿಂತಿತು. ಹಳೆಯ ನಕ್ಷೆಯಲ್ಲೇ ನಗರ ಬೆಳೆಯುತ್ತಾ ಹೋಯಿತು.

ಐದು ವರ್ಷದ ಆ ಗಡುವನ್ನು ತೆಗೆದುಹಾಕಿದರೆ ಸಾಕಲ್ಲ ಎಂಬ ಸಲಹೆ ಆಗಾಗ ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಮೂರು ಎಕರೆ ಇರುವ ಒಬ್ಬ ರೈತನ ಹೊಲ ನಕ್ಷೆಯಲ್ಲಿ ಪಾರ್ಕ್ ಎಂದಾದರೆ ಅವನು ಅದನ್ನು ಭೂಪರಿವರ್ತನೆ ಮಾಡಿಸಲಾರ, ನ್ಯಾಯವಾದ ಬೆಲೆಗೆ ಮಾರಲಾರ, ಬ್ಯಾಂಕಿನವರೂ ಹಿಂದೆಮುಂದೆ ನೋಡುತ್ತಾರೆ. ಪಕ್ಕದ ಹೊಲದವನು ಹಳದಿ ಬಣ್ಣದಿಂದ ಕೋಟಿಗಟ್ಟಲೆ ಎಣಿಸುತ್ತಾನೆ. ಇವನಿಗೆ ಸರ್ಕಾರ ಪರಿಹಾರವನ್ನೂ ಕೊಡುವುದಿಲ್ಲ, ಜಮೀನನ್ನೂ ಬಿಡುವುದಿಲ್ಲ. ಊರಿನ ಉಸಿರಿಗೆ ಬೇಕಾದ ಜಾಗದ ಬೆಲೆಯನ್ನು ಒಬ್ಬ ರೈತನ ಹೆಗಲಿಗೆ ಹೊರಿಸುವುದು ಅನ್ಯಾಯ. ಐದು ವರ್ಷದ ಗಡುವು ಆ ಅನ್ಯಾಯಕ್ಕೆ ಹಾಕಿದ ಮಿತಿ. ತಪ್ಪು ಗಡುವಿನದಲ್ಲ. ಗಡುವಿನೊಳಗೆ ಕೊಳ್ಳಲು ಹಣ ಹೊಂದಿಸದೆ ನಕ್ಷೆ ಬರೆದದ್ದು ತಪ್ಪು.

ಕಾದಷ್ಟೂ ಏನಾಗುತ್ತದೆ ಎಂಬುದಕ್ಕೆ ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲೇ, ಮೇಖ್ರಿ ವೃತ್ತದ ಪಕ್ಕದಲ್ಲೇ ಉದಾಹರಣೆಯಿದೆ. ಬೆಂಗಳೂರು ಅರಮನೆ ಮತ್ತು ಅದರ ಬಯಲು, ಒಟ್ಟು 472 ಎಕರೆ 16 ಗುಂಟೆಯನ್ನು ಸ್ವಾಧೀನಪಡಿಸಿಕೊಳ್ಳಲು ರಾಜ್ಯ 1996ರಲ್ಲಿ ಕಾಯಿದೆ ಮಾಡಿತು. ಗೊತ್ತುಮಾಡಿದ ಪರಿಹಾರ 11 ಕೋಟಿ ರೂಪಾಯಿ. ಕಾಯಿದೆಯನ್ನು ಹೈಕೋರ್ಟ್ ಎತ್ತಿಹಿಡಿಯಿತು, ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ದಶಕಗಟ್ಟಲೆ ಉಳಿಯಿತು. ಈ ನಡುವೆ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆ ಅಗಲ ಮಾಡಲು ಅದೇ ಬಯಲಿನ 15 ಎಕರೆ 17.5 ಗುಂಟೆ ಬೇಕಾಯಿತು. ಅಷ್ಟಕ್ಕೆ ಹಣದ ಬದಲು ಕೊಡಬೇಕಾದ, ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕಿನ, ಅಂದರೆ ಟಿಡಿಆರ್‌ನ ಮೌಲ್ಯ 3,011 ಕೋಟಿ ರೂಪಾಯಿ ಎಂಬ ಲೆಕ್ಕ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದೊಂದಿಗೆ ಸರ್ಕಾರದ ಎದುರು ಬಂತು. ಅದನ್ನು ತಪ್ಪಿಸಿಕೊಳ್ಳಲು 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. 11 ಕೋಟಿ ತೀರಾ ಕಡಿಮೆ ಎಂಬ ಅರಮನೆಯ ಕಡೆಯವರ ವಾದವನ್ನು ತಳ್ಳಿಹಾಕುವುದು ಕಷ್ಟ. ಆ ಮೊತ್ತವನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು ಮಾಡಿ ನೋಡಿ: ಆಗಲೇ ಮನಸ್ಸಿಗೊಪ್ಪುವ ಬೆಲೆ ಕೊಟ್ಟು ವ್ಯಾಜ್ಯ ಮುಗಿಸಿದ್ದರೆ, ಇಂದಿನ ಒಂದು ರಸ್ತೆಯಂಚಿನ ಬೆಲೆಯ ಸಣ್ಣ ಪಾಲಿಗೆ ಇಡೀ ಬಯಲು ಜನರದಾಗುತ್ತಿತ್ತು. ಕಡಿಮೆ ಕೊಡಹೋಗಿ ಉಳಿಸಿದ್ದೇನೂ ಇಲ್ಲ.

ಹಾಗಾದರೆ ದೊಡ್ಡ ಬಡಾವಣೆಗಳೇ ಪರಿಹಾರವಲ್ಲವೇ, ಶೇ 15 ಅಲ್ಲಿ ತಾನಾಗಿ ಬರುತ್ತದಲ್ಲ ಎನ್ನಬಹುದು. ಉತ್ತರ ಬೆಂಗಳೂರಿನ ಎರಡು ದೊಡ್ಡ ಬಡಾವಣೆಗಳನ್ನೇ ತೆಗೆದುಕೊಳ್ಳೋಣ. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಮುಂತಾದ 16 ಹಳ್ಳಿಗಳ ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಾಗ ಅದು 3,339 ಎಕರೆ. 2004ರ ಅಂತಿಮ ಅಧಿಸೂಚನೆಯಲ್ಲಿ 2,750. 2010ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಪರಿಷ್ಕರಿಸಿ 2014ರಲ್ಲಿ ಉಳಿದದ್ದು 1,766. ಇಲ್ಲಿ ಒಂದು ಸರ್ವೆ ನಂಬರು, ಅಲ್ಲಿ ಅರ್ಧ ಸರ್ವೆ ನಂಬರು ಕೈಬಿಟ್ಟುಹೋದ ನೆಲದಲ್ಲಿ ಪಾರ್ಕಿನ ಪಾಲು ಕುಗ್ಗುವುದಲ್ಲದೆ ಚೂರುಚೂರಾಗುತ್ತದೆ. ಎರಡನೆಯದು ಶಿವರಾಮ ಕಾರಂತ ಬಡಾವಣೆ. ಪರಿಸರಕ್ಕಾಗಿ ಕೈಗಾ ಅಣುಸ್ಥಾವರದ ವಿರುದ್ಧ ಇಳಿವಯಸ್ಸಿನಲ್ಲೂ ಬೀದಿಗಿಳಿದವರ ಹೆಸರು ಅದಕ್ಕಿದೆ, ಆ ಹೆಸರಿಗೆ ತಕ್ಕ ಪಾರ್ಕೊಂದು ಅಲ್ಲಿ ಆಗಬೇಕೆಂದು ಬಯಸುವುದು ಹೆಚ್ಚಲ್ಲ. ಯಲಹಂಕದ ಪಶ್ಚಿಮಕ್ಕೆ 17 ಹಳ್ಳಿಗಳ 3,546 ಎಕರೆಗೆ ಅಧಿಸೂಚನೆ ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹೈಕೋರ್ಟಿನಲ್ಲಿ ಬಿದ್ದು, 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಎದ್ದಿತು. ಆ ಹತ್ತು ವರ್ಷದಲ್ಲಿ ಸಾವಿರಾರು ಮನೆಗಳು ಎದ್ದಿದ್ದವು. ಆ ದಿನಾಂಕಕ್ಕಿಂತ ಹಿಂದಿನ ಕಟ್ಟಡಗಳನ್ನು ಪರಿಶೀಲಿಸಿ ಸಕ್ರಮಗೊಳಿಸಲು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಬಿಡಿಎ ಸ್ವಾಧೀನಕ್ಕೆ 2013ರ ಭೂಸ್ವಾಧೀನ ಕಾಯಿದೆಯ ಹೆಚ್ಚಿನ ಪರಿಹಾರ ಅನ್ವಯಿಸದು ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ರೈತರ ನೋವು ಇನ್ನಷ್ಟಾಯಿತು.

ಇಷ್ಟಾದರೂ ಈ ಬಡಾವಣೆಯ ಒಂದು ಲೆಕ್ಕವನ್ನು ಮಾಡಲೇಬೇಕು. 3,546 ಎಕರೆಯ ಶೇ 15 ಎಂದರೆ 530 ಎಕರೆಗೂ ಹೆಚ್ಚು, ಎರಡು ಲಾಲ್‌ಬಾಗಿಗೂ ಮಿಗಿಲು. ಮನೆಗಳಿಗೆ ಬಿಟ್ಟದ್ದನ್ನು ಕಳೆದು ಅರ್ಧವೇ ಉಳಿಯಿತೆಂದುಕೊಂಡರೂ ಒಂದು ಲಾಲ್‌ಬಾಗಿನಷ್ಟು. ಆದರೆ ಬಡಾವಣೆಯ ನಕ್ಷೆಯಲ್ಲಿ ಅದು ಬ್ಲಾಕಿಗೆ ಎರಡು ಮೂರರಂತೆ ಹರಡುತ್ತದೆ. ನಗರದ ಬೇರೆ ಕಡೆ ಆದದ್ದೂ ಹೀಗೆಯೇ: ಬಿಬಿಎಂಪಿ ನೋಡಿಕೊಂಡ ಪಾರ್ಕುಗಳು 1,200ಕ್ಕೂ ಹೆಚ್ಚು, ಬಹುಪಾಲು ಹತ್ತು ನಿಮಿಷದಲ್ಲಿ ನಾಲ್ಕು ಸುತ್ತು ಹಾಕಿ ಮುಗಿಸುವಂಥವು. ಮನೆ ಹತ್ತಿರದ ಸಣ್ಣ ಪಾರ್ಕ್ ಬೇಕು, ನಡೆಯಲಾಗದ ಅಜ್ಜಿಗೆ ಅದೇ ಆಸರೆ. ಆದರೆ ಹಕ್ಕಿ ಗೂಡು ಕಟ್ಟುವುದಕ್ಕೆ, ಮಳೆ ನೀರು ಇಂಗುವುದಕ್ಕೆ, ಹದಿಹರೆಯದ ಹುಡುಗರು ಯಾರ ಬೈಗುಳವೂ ಇಲ್ಲದೆ ಓಡಾಡುವುದಕ್ಕೆ ದೊಡ್ಡ ನೆಲವೇ ಆಗಬೇಕು. ಯಶವಂತಪುರ–ಮತ್ತಿಕೆರೆಯ ಜೆ.ಪಿ. ಪಾರ್ಕಿನ ಸುಮಾರು 85 ಎಕರೆ ಎಂಥ ವ್ಯತ್ಯಾಸ ಮಾಡಿದೆಯೆಂಬುದನ್ನು ಅಲ್ಲಿ ಬೆಳಗಿನ ಜಾವ ಆರು ಗಂಟೆಯ ಜನಸಂದಣಿಯೇ ಹೇಳುತ್ತದೆ. ಗೊರಗುಂಟೆಪಾಳ್ಯ, ಗೋಕುಲ, ಜಾಲಹಳ್ಳಿಯ ಕಡೆಯವರೆಲ್ಲ ಅಲ್ಲಿಗೇ ಬರಬೇಕು. ಕಾರಂತ ಬಡಾವಣೆಯ ಪಾರ್ಕಿನ ಪಾಲಿನಲ್ಲಿ ಮೂರನೇ ಒಂದು ಭಾಗವನ್ನಾದರೂ ಒಂದೇ ಕಡೆ ಕೂಡಿಸುವುದು ಅಸಾಧ್ಯವೇನಲ್ಲ.

ಉತ್ತರದಲ್ಲಿ ಕೆರೆಗಳಿವೆಯಲ್ಲ, ಅವೇ ಪಾರ್ಕುಗಳಲ್ಲವೇ ಎಂಬುದು ಇನ್ನೊಂದು ಮಾತು. ಹೆಬ್ಬಾಳ, ನಾಗವಾರ, ಜಕ್ಕೂರು, ಅಳ್ಳಾಳಸಂದ್ರ, ಯಲಹಂಕ, ಪುಟ್ಟೇನಹಳ್ಳಿ ಕೆರೆಗಳ ಏರಿಯ ಮೇಲೆ ಜನ ನಡೆಯುವುದು ನಿಜ. ಕೆರೆಯಂಗಳ ಸರ್ಕಾರದ್ದೇ ಆದ್ದರಿಂದ ಪಾರ್ಕಿನ ಹೊರೆಯನ್ನೆಲ್ಲ ಅದರ ಮೇಲೆ ಹೇರಿದೆವು. ಕೆರೆಗೆ ಅದರದೇ ಕೆಲಸವಿದೆ: ನೀರು ಹಿಡಿಯುವುದು, ಅಂತರ್ಜಲ ಕಾಯುವುದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿ ಕ್ರಿಕೆಟ್ ಆಡಲಾಗದು, ಉಯ್ಯಾಲೆ ಹಾಕಲಾಗದು, ಆಗಬಾರದು ಕೂಡ. ಕೆರೆಯ ಅಭಿವೃದ್ಧಿಗೆ ಹಣವಿಲ್ಲವೆಂದು ಹೆಬ್ಬಾಳ ಮತ್ತು ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಪ್ರಯೋಗವೂ ನಡೆಯಿತು. ಅದರ ವಿರುದ್ಧ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು. ಹೀಗೆ ಗುತ್ತಿಗೆಗೆ ಹೋಗಿ, ಟಿಕೆಟ್ ಕೊಂಡು ಒಳಗೆ ಹೋಗಬೇಕಾದ ಹಸಿರು ಪಕ್ಕದ ಕೊಳೆಗೇರಿಯ ಮಗುವಿಗೆ ಇದ್ದೂ ಇಲ್ಲದಂತೆ. ಗೇಟಿನೊಳಗೆ ಅಪಾರ್ಟ್‌ಮೆಂಟಿನವರಿಗಷ್ಟೇ ಇರುವ ಲಾನ್‌ಗಳ ವಿಷಯವೂ ಅಷ್ಟೇ.

ದುಡ್ಡು ಎಲ್ಲಿಂದ ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ, ಮತ್ತು ಅದು ನಿಜವಾದ ಪ್ರಶ್ನೆ. ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಎಂದು ಯೋಜನಾ ಕಾಯಿದೆಯ 18ಎ ಕಲಮಿನಲ್ಲಿ ಸೆಸ್ಸುಗಳನ್ನು ಬರೆದಾಗ ಆ ಪಟ್ಟಿಯಲ್ಲಿ ಪಾರ್ಕಿನ ನೆಲಕ್ಕೆ ಜಾಗ ಸಿಗಲಿಲ್ಲ. ಹೊಸ ತೆರಿಗೆಯನ್ನೇ ಹುಡುಕಬೇಕೆಂದಿಲ್ಲ. ಪ್ರೀಮಿಯಂ ಎಫ್‌ಎಆರ್ ಎಂಬ ಶುಲ್ಕ ಕಟ್ಟಿ ಹೆಚ್ಚುವರಿ ಮಹಡಿ ಏರಿಸಲು ಈಗ ಅವಕಾಶವಿದೆ. ಮಹಡಿ ಹೆಚ್ಚಿದರೆ ಜನ ಹೆಚ್ಚುತ್ತಾರೆ, ಆ ಜನಕ್ಕೆ ಬಯಲು ಬೇಕು. ಹಾಗಾಗಿ ಆ ಹಣದ ನಿಗದಿತ ಪಾಲು ಅದೇ ಪ್ರದೇಶದಲ್ಲಿ ಪಾರ್ಕಿನ ನೆಲ ಕೊಳ್ಳಲು ಹೋಗಬೇಕಾದ್ದು ನ್ಯಾಯ. ಬಿಡಿಎ ಹರಾಜು ಹಾಕುವ ಮೂಲೆ ನಿವೇಶನಗಳ ಹಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಡಾವಣೆಯಿಂದ ಸುತ್ತಲ ಜಮೀನಿನ ಬೆಲೆ ಏರಿದರೆ ಆ ಏರಿಕೆಯ ಮೂರನೇ ಒಂದು ಭಾಗವನ್ನು ಅಭಿವೃದ್ಧಿ ತೆರಿಗೆಯಾಗಿ ಪಡೆಯುವ ಅಧಿಕಾರ ಬಿಡಿಎ ಕಾಯಿದೆಯ 20ನೇ ಕಲಮಿನಲ್ಲಿ ಮೊದಲಿನಿಂದಲೂ ಇದೆ. ಅಮೆರಿಕದ ಕೊಲರಾಡೊದ ಬೋಲ್ಡರ್ ಊರಿನವರು 1967ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಒಂದು ಸಣ್ಣ ಮಾರಾಟ ತೆರಿಗೆ ಹಾಕಿಕೊಂಡರು, ನೂರಕ್ಕೆ ಅರ್ಧ ಭಾಗಕ್ಕೂ ಕಡಿಮೆ. ಆ ಹಣದಲ್ಲಿ ಊರ ಸುತ್ತಲ ಬೆಟ್ಟದ ತಪ್ಪಲನ್ನು ಕೊಳ್ಳುತ್ತಾ ಬಂದರು. ಅಷ್ಟು ದೂರದ್ದೇಕೆ, ಗುಜರಾತಿನ 1976ರ ಕಾಯಿದೆಯಡಿ ಅಹಮದಾಬಾದಿನಲ್ಲಿ ರೈತರ ಜಮೀನನ್ನು ಒಟ್ಟುಗೂಡಿಸಿ, ರಸ್ತೆಗೆ, ಪಾರ್ಕಿಗೆ ಒಂದು ಪಾಲು ತೆಗೆದು, ಉಳಿದದ್ದನ್ನು ಅದೇ ರೈತರಿಗೆ ಹಿಂದಿರುಗಿಸುತ್ತಾರೆ. ಅಲ್ಲಿ ಪಾರ್ಕಿನ ಭಾರ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಟಿಡಿಆರ್ ಇಲ್ಲಿಯೂ ಇದೆ, ಆದರೆ ಕೊಳ್ಳುವವರನ್ನು ರೈತನೇ ಹುಡುಕಿಕೊಳ್ಳಬೇಕಾದ ಕಾಗದವನ್ನು ಅವನು ನಂಬುವುದಿಲ್ಲ. ಅದನ್ನು ನಿಗದಿತ ಬೆಲೆಗೆ ಸರ್ಕಾರವೇ ಕೊಳ್ಳುವ ಭರವಸೆ ಬೇಕು.

ಇರುವ ಪಾರ್ಕನ್ನೇ ನೋಡಿಕೊಳ್ಳಲಾಗದವರು ಹೊಸದನ್ನು ಏಕೆ ಕೊಳ್ಳಬೇಕು ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಣಗಿದ ಹುಲ್ಲು, ಮುರಿದ ಜಾರುಬಂಡೆ, ಬೀಗ ಹಾಕಿದ ಗೇಟು ಎಲ್ಲ ಕಡೆ ಇವೆ. ಆದರೆ ಹುಲ್ಲನ್ನು ಮುಂದಿನ ಮಳೆಗಾಲಕ್ಕೆ ಹಾಕಬಹುದು, ಜಾರುಬಂಡೆಯನ್ನು ಮುಂದಿನ ಬಜೆಟ್ಟಿನಲ್ಲಿ ಸರಿಪಡಿಸಬಹುದು. ಮೂರಂತಸ್ತಿನ ಮನೆಗಳೆದ್ದ ನೆಲವನ್ನು ಯಾವ ಬಜೆಟ್ಟೂ ಹಿಂದಕ್ಕೆ ತರಲಾರದು.

ಈಚಿನ ಎರಡು ಸುದ್ದಿಗಳು ಖುಷಿ ಕೊಟ್ಟಿವೆ. ಪೀಣ್ಯ–ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಶದಲ್ಲಿರುವ ಜಮೀನು 1896ರಲ್ಲೇ ಘೋಷಿತವಾದ ಅರಣ್ಯವೆಂದು ಹೇಳಿ, ಅದರಲ್ಲಿ ಖಾಲಿ ಇರುವ 281 ಎಕರೆಯನ್ನು ಮರಳಿ ಪಡೆದು ಲಾಲ್‌ಬಾಗಿನಂಥ ಉದ್ಯಾನ ಮಾಡುವ ಮಾತನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ 2024ರಿಂದ ಆಡುತ್ತಿದ್ದಾರೆ. ಯಲಹಂಕ ಹೋಬಳಿಯ ಮಾದಪ್ಪನಹಳ್ಳಿಯಲ್ಲಿ ನೀಲಗಿರಿ ಬೆಳೆಸಿದ್ದ 153 ಎಕರೆ ಅರಣ್ಯ ಭೂಮಿ ಜೀವವೈವಿಧ್ಯ ಉದ್ಯಾನವಾಗಲಿದೆ ಎಂಬ ಪ್ರಕಟಣೆ 2025ರಲ್ಲಿ ಬಂತು. ಎರಡೂ ಬೇಗ ಆಗಲಿ. ಆದರೆ ಎರಡೂ ಮೊದಲೇ ಸರ್ಕಾರದ ದಾಖಲೆಯಲ್ಲಿದ್ದ ನೆಲ. ಎಚ್‌ಎಂಟಿಯ ಜಾಗಕ್ಕೆ ಕೇಂದ್ರ ಮತ್ತು ರಾಜ್ಯದ ಜಗ್ಗಾಟ ನಡೆದೇ ಇದೆ. ಥಣಿಸಂದ್ರದ, ಕೋಗಿಲಿನ, ವಿದ್ಯಾರಣ್ಯಪುರದಾಚೆಯ ರೆವಿನ್ಯೂ ಬಡಾವಣೆಗಳ ಪಕ್ಕದಲ್ಲಿ ಮರಳಿ ಪಡೆಯಲು ಅಂಥ ಹಳೆಯ ಅರಣ್ಯವಿಲ್ಲ. ಅಲ್ಲಿ ಕೊಂಡೇ ತೀರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಬೆಂಗಳೂರು ಉತ್ತರಕ್ಕೆ ತನ್ನದೇ ಪಾಲಿಕೆ ಬಂದಿದೆ. ಹೊಸ ಮಹಾಯೋಜನೆ ಇಂದಲ್ಲ ನಾಳೆ ಗೆಜೆಟ್ಟಿಗೆ ಬರುತ್ತದೆ, ಅದರಲ್ಲೂ ಹಸಿರು ಚೌಕಗಳಿರುತ್ತವೆ. ಗೆಜೆಟ್ ಅಚ್ಚಾದ ದಿನದಿಂದಲೇ ಮತ್ತೆ ಐದು ವರ್ಷದ ಎಣಿಕೆ ಶುರು. ಪಾಲಿಕೆಯ ಆ ವರ್ಷದ ಬಜೆಟ್ ಪುಸ್ತಕದಲ್ಲಿ ಪಾರ್ಕಿಗೆ ನೆಲ ಕೊಳ್ಳುವ ಬಾಬ್ತಿನ ಎದುರು ಎಷ್ಟು ಬರೆದಿದೆ ಎಂಬುದನ್ನು ಯಲಹಂಕದವರೂ ಹೆಬ್ಬಾಳದವರೂ ಮೊದಲು ತೆರೆದು ನೋಡಬೇಕು.